ಗೋಡೆ ಚಿತ್ರ ಅಳಿಸುವ ಮುನ್ನ

ಮಾನ್ಯರೇ,

ಸುರಪುರ ತಾಲ್ಲೂಕಿನ ನಮ್ಮೂರ ಗುಡಿಯ ಗೋಡೆ ಮೇಲಿದ್ದ ಹಳೆಯ ಚಿತ್ರಗಳಿಗೆ ಈ ಸಲ ಜಾತ್ರೆಗೆ ಮುಂಚೆ ಆಯಿಲ್ ಪೇಂಟ್ ಬಳಿಸಿಬಿಟ್ಟರು. ಅವನ್ನು ಬರೆದವರು ನಮ್ಮೂರಿನವರೇ ಆದ ಒಬ್ಬ ಹಿರಿಯರು. ಯಾರ ಬಳಿಯೂ ಕಲಿತವರಲ್ಲ. ಸುಣ್ಣ, ಕೆಮ್ಮಣ್ಣು, ದೀಪದ ಕಾಡಿಗೆ, ಜಜ್ಜಿದ ಬೇವಿನ ಕಡ್ಡಿ. ಇಷ್ಟರಲ್ಲೇ ಕಾರಹುಣ್ಣಿಮೆಯ ಎತ್ತು, ಮೊಹರಂ ಹುಲಿವೇಷ, ಸಂಜೀವಿನಿ ಗುಡ್ಡ ಹೊತ್ತ ಹನುಮಪ್ಪ ಎಲ್ಲ ಮೂಡಿಸಿದ್ದರು. ಅವರ ಹನುಮಪ್ಪನಿಗೆ ನಮ್ಮೂರ ಪೈಲ್ವಾನರ ಮೀಸೆ ಇತ್ತು. ನೋಡಿ ನಗದ ಮಕ್ಕಳೇ ಇರಲಿಲ್ಲ!

ನಾಯಕ ಅರಸರ ಕಾಲದ ಸುರಪುರ ಶೈಲಿಯ ಚಿತ್ರಗಳ ಬಗ್ಗೆ ನಾವು ಹೆಮ್ಮೆಯಿಂದ ಮಾತಾಡುತ್ತೇವೆ. 1916ರಲ್ಲಿ ಹುಟ್ಟಿದ ಕಲಬುರಗಿಯ ಚಿತ್ರಕಲಾವಿದ ಎಸ್.ಎಂ. ಪಂಡಿತರ ಹೆಸರಿನಲ್ಲಿ ಅಲ್ಲಿ ರಂಗಮಂದಿರವೇ ಇದೆ. ಅದು ಸರಿಯೇ. ಆದರೆ ಸಹಿ ಹಾಕದೆ ಬರೆದವರ ಕೆಲಸ ನಮಗೆ ಸುಮ್ನೆ ಹಳೇ ಗೋಡೆ, ಅಲ್ವಾ? ಕಾಗದದ ಚಿತ್ರ ಯಾರದೋ ಪೆಟ್ಟಿಗೆಯಲ್ಲಾದರೂ ಉಳಿದೀತು. ಗೋಡೆಯದ್ದು ಹೋದರೆ ಹೋಯಿತು.

ಗುಡಿ, ಶಾಲೆಗಳಿಗೆ ಬಣ್ಣ ಹೊಡೆಸುವ ಮುಂಚೆ ಗ್ರಾಮ ಪಂಚಾಯಿತಿಯವರು ಅಲ್ಲಿರುವ ಚಿತ್ರಗಳ ಫೋಟೊ ತೆಗೆಸಿ, ಬರೆದವರ ಹೆಸರು ದಾಖಲಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಶಾಲಾ ಕೋಣೆ ಕಟ್ಟುವಾಗ ಒಂದು ಗೋಡೆಯನ್ನು ಇಂಥವರಿಗೇ ಬಿಡಲಿ. ಪುಕ್ಕಟೆ ಬೇಡ, ತಕ್ಕ ದುಡ್ಡು ಕೊಟ್ಟು ಬರೆಸಲಿ. ನಮ್ಮ ಹಿರಿಯರ ಕೈ ಇನ್ನೂ ನಡುಗುತ್ತಿಲ್ಲ.

– ಓದುಗ, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ