ಪಿನ್ನು ಹೊರಗೆ ಬಂತು, ಅಮ್ಮ

ಪ್ರೀತಿಯ ಅಮ್ಮ, ಅಪ್ಪ ಮತ್ತು ಪುಟ್ಟ,

ಭಾನುವಾರ ನಾನು ಮಾತಿನ ಮಧ್ಯೆ ಕಾಲ್ ಕಟ್ ಮಾಡಿದ್ದಕ್ಕೆ ಅಮ್ಮ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ ಅಂತ ಪುಟ್ಟ ಮೆಸೇಜ್ ಮಾಡಿದ್ದ. ನನಗೆ ಏನೂ ಆಗಿಲ್ಲ, ಅಮ್ಮ. ನಿನ್ನ ಮೇಲೆ ಬೇಜಾರೂ ಇಲ್ಲ. ನಿನ್ನ ಮುಖ ಕಾಣುತ್ತಿತ್ತು, ತುಟಿ ಆಡುತ್ತಿತ್ತು, ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಇಯರ್‌ಫೋನ್ ಪಿನ್ನು ಲ್ಯಾಪ್‌ಟಾಪ್ ಒಳಗೇ ಮುರಿದುಕೊಂಡಿತ್ತು. ಪುಟ್ಟನೂ ಇಯರ್‌ಫೋನ್ ಸಿಕ್ಕಿಸಿಕೊಂಡೇ ಲ್ಯಾಪ್‌ಟಾಪನ್ನು ಹೊಟ್ಟೆ ಮೇಲಿಟ್ಟು ಮಲಗುವವನು, ಅಲ್ವಾ? ಅದಕ್ಕೇ ಎಲ್ಲ ಬರೆಯುತ್ತಿದ್ದೇನೆ. ಅವನು ಪೂರ್ತಿ ಓದಲಿ.

ಮಂಚದ ಮೇಲೆ ಕೂತು ಮಾತಾಡುತ್ತಿದ್ದೆ. ಲ್ಯಾಪ್‌ಟಾಪ್ ಜಾರಿತು. ಹಿಡಿಯುವಷ್ಟರಲ್ಲಿ ಪಿನ್ನಿದ್ದ ಬದಿಯೇ ಮಂಚದ ಅಂಚಿಗೆ ಬಡಿದು ಲಟಕ್ ಅಂತು. ವೈರು ಕೈಗೆ ಬಂತು, ಪಿನ್ನಿನ ತುದಿ ಬರಲಿಲ್ಲ.

ಮೈಕ್ ಇರುವ ಇಯರ್‌ಫೋನಿನ ಪಿನ್ನಿನಲ್ಲಿ ಲೋಹದ ನಾಲ್ಕು ಭಾಗ ಇರುತ್ತವೆ, ನಡುನಡುವೆ ಮೂರು ಗೆರೆ. ಆ ಗೆರೆಗಳು ಬರೀ ಬಣ್ಣ ಅಲ್ಲ, ಪ್ಲಾಸ್ಟಿಕ್ ಬಳೆಗಳು. ಬಲ ಕಡಿಮೆ ಇರುವುದೂ ಅಲ್ಲೇ. ನನ್ನದು ತುದಿಗೆ ಹತ್ತಿರದ ಗೆರೆಯಲ್ಲಿ ಮುರಿದಿತ್ತು. ಜಾಕ್ ಒಳಗೆ, ಅಂದರೆ ಪಿನ್ನು ಸಿಕ್ಕಿಸುವ ತೂತಿನೊಳಗೆ, ಒಂದು ಪುಟ್ಟ ಸ್ವಿಚ್ ಇರುತ್ತದೆ, ಪಿನ್ನು ಹಾಕಿದ್ದಾರೋ ಇಲ್ಲವೋ ಅಂತ ಲ್ಯಾಪ್‌ಟಾಪಿಗೆ ಗೊತ್ತಾಗುವುದು ಅದರಿಂದ. ಮುರಿದ ತುಂಡು ಅದನ್ನು ಒತ್ತಿಕೊಂಡೇ ಇತ್ತು, ಹಾಗಾಗಿ ಸ್ಪೀಕರ್ ಬಂದ್. ರೀಸ್ಟಾರ್ಟ್ ಮಾಡಿದೆ, ಸೌಂಡ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ತೆಗೆದು ಮತ್ತೆ ಹಾಕಿದೆ, ಏನೂ ಆಗಲಿಲ್ಲ. ಬ್ಲೂಟೂತ್ ಸ್ಪೀಕರ್ ಮಾತ್ರ ಕೆಲಸ ಮಾಡಿತು, ಅದಕ್ಕೆ ಈ ಜಾಕ್ ಬೇಕಿಲ್ಲವಲ್ಲ.

ಟಾರ್ಚ್ ಬಿಟ್ಟು ನೋಡಿದೆ. ಕಪ್ಪು ತೂತಿನ ತಳದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಚುಕ್ಕಿ ಹೊಳೆಯುತ್ತಿತ್ತು. ಮೊದಲು ಚಿಮಟ ಹಾಕಿದೆ, ಹಿಡಿಯಲು ಜಾಗವೇ ಇಲ್ಲ, ತುಂಡು ಇನ್ನಷ್ಟು ಒಳಗೆ ಹೋಯಿತು. ಪುಟ್ಟ, ಈ ತಪ್ಪು ನೀನು ಮಾಡಬೇಡ. ಸೂಜಿನೂ ಬೇಡ. ಲ್ಯಾಪ್‌ಟಾಪ್ ಆನ್ ಇದ್ದಾಗ ಲೋಹದ ಯಾವುದನ್ನೂ ಆ ತೂತಿಗೆ ಹಾಕಲೇಬಾರದು. ಮೊದಲು ಪೂರ್ತಿ ಆಫ್ ಮಾಡು, ಚಾರ್ಜರ್ ಕಿತ್ತಿಡು, ಬ್ಯಾಟರಿ ತೆಗೆಯುವ ಹಾಗಿದ್ದರೆ ಅದನ್ನೂ ತೆಗಿ.

ಅಲುಗಾಡಿಸಿದರೆ ಬೀಳಬಹುದಲ್ಲ ಅಂತ ನೀನು ಕೇಳಬಹುದು. ಬೀಳುವುದಿಲ್ಲ. ಪಿನ್ನಿನ ತುದಿ ನೋಡು, ಉಂಡೆಯ ಹಿಂದೆ ಒಂದು ಸಣ್ಣ ಕುತ್ತಿಗೆ ಇದೆ. ಜಾಕ್ ಒಳಗಿನ ಸ್ಪ್ರಿಂಗ್ ಪಟ್ಟಿ ಸರಿಯಾಗಿ ಅಲ್ಲಿ ಕೂರುತ್ತದೆ. ಪಿನ್ನು ತಾನಾಗಿ ಕಳಚಬಾರದು ಅಂತಲೇ ಹಾಗೆ ಮಾಡಿರುವುದು. ಅಪ್ಪ, ನಿಮಗೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ನೆನಪಿರಬಹುದು. ಆಪರೇಟರ್‌ಗಳು ಬೋರ್ಡಿಗೆ ಸಿಕ್ಕಿಸುತ್ತಿದ್ದ ದಪ್ಪ ಪಿನ್ನಿನಿಂದ ಬಂದ ಚಿಕ್ಕ ರೂಪವೇ ಇದು. ಅದು 6.35 ಮಿ.ಮೀ., ಇದು 3.5.

ರಿಪೇರಿಯವರು ಒಳಗೆಲ್ಲ ಬಿಚ್ಚಬೇಕು ಅಂದರು. ನನಗೆ ಮನಸ್ಸಾಗಲಿಲ್ಲ. ಖಾಲಿ ರೀಫಿಲ್ ತುದಿಗೆ ಸೂಪರ್ ಗ್ಲೂ ಹಚ್ಚಿ ಅಂಟಿಸಿ ಎಳೆದೆ, ರೀಫಿಲ್ ಒಂದೇ ಆಚೆ ಬಂತು. ಅದರ ನುಣುಪು ಪ್ಲಾಸ್ಟಿಕ್ಕಿಗೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮರಕ್ಕೆ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಒಂದು ಬಿದಿರಿನ ಕಡ್ಡಿ ತಗೊಂಡು, ತೂತಿನ ಗೋಡೆಗೆ ತಾಗದಷ್ಟು ಸಣ್ಣಗೆ ಕೆರೆದು, ತುದಿಯನ್ನು ಸಮ ಮಾಡಿ ಸ್ವಲ್ಪ ಒರಟು ಮಾಡಿದೆ. ಅಂಟನ್ನು ತೂತಿಗೆ ಹಾಕಲಿಲ್ಲ. ಕಾಗದದ ಮೇಲೆ ಒಂದು ಹನಿ ಬಿಟ್ಟು, ಕಡ್ಡಿಯ ತುದಿಯನ್ನು ಅದಕ್ಕೆ ಮುಟ್ಟಿಸಿ, ಸುತ್ತ ಇದ್ದದ್ದನ್ನು ಒರೆಸಿದೆ. ಜಾಸ್ತಿ ಆದರೆ ಜಾಕ್ ಗೋಡೆಗೇ ಅಂಟಿ ಇದ್ದದ್ದೂ ಹಾಳಾಗುತ್ತದೆ. ಅಂಟು ಒಳಕ್ಕೆ ಇಳಿಯದಿರಲಿ ಅಂತ ತೂತು ಕೆಳಮುಖ ಆಗುವ ಹಾಗೆ ಎರಡು ಸ್ಟೂಲ್ ಮಧ್ಯೆ ಲ್ಯಾಪ್‌ಟಾಪ್ ನಿಲ್ಲಿಸಿ, ಕೆಳಗಿನಿಂದ ಕಡ್ಡಿ ನೇರವಾಗಿ ಇಟ್ಟು, ತುಂಡಿಗೆ ತಾಗಿದ್ದು ಕೈಗೆ ಗೊತ್ತಾದ ಮೇಲೆ ಉಸಿರು ಬಿಗಿಹಿಡಿದು ಹಾಗೇ ಕೂತೆ. ಆಮೇಲೆ ಕಡ್ಡಿ ಅಲುಗದ ಹಾಗೆ ಟೇಪ್ ಹಾಕಿ ರಾತ್ರಿಯೆಲ್ಲ ಬಿಟ್ಟೆ.

ಬೆಳಿಗ್ಗೆ ನೇರವಾಗಿ, ನಿಧಾನವಾಗಿ ಎಳೆದೆ. ಬರಲಿಲ್ಲ. ಇನ್ನೊಂಚೂರು ಎಳೆದೆ. ಟಕ್ ಅಂತು, ಸ್ಪ್ರಿಂಗ್ ಕುತ್ತಿಗೆ ಬಿಟ್ಟ ಶಬ್ದ. ಕಡ್ಡಿಯ ತುದಿಯಲ್ಲಿ ತುಂಡು ಅಂಟಿಕೊಂಡೇ ಬಂತು. ಖುಷಿಗೆ ಒಬ್ಬಳೇ ಕೂಗಿಬಿಟ್ಟೆ! ಆನ್ ಮಾಡಿದೆ, ಸ್ಪೀಕರ್ ಮಾತಾಡಿತು.

ಪುಟ್ಟ, ನೀನು ತುದಿ ಎಲ್ ಆಕಾರಕ್ಕೆ ಬಾಗಿರುವ ಪಿನ್ನಿನ ಇಯರ್‌ಫೋನ್ ತಗೊ. ಅದು ಹೊರಗೆ ಕಡಿಮೆ ಚಾಚುತ್ತದೆ, ತಾಗಿದರೂ ಪೆಟ್ಟು ಅಷ್ಟು ಬೀಳುವುದಿಲ್ಲ. ಮಲಗುವಾಗ ಮಾತ್ರ ತೆಗೆದಿಡು, ಪ್ಲೀಸ್.

ಈ ಭಾನುವಾರ ಅದೇ ಹೊತ್ತಿಗೆ ಕಾಲ್ ಮಾಡುತ್ತೇನೆ. ಅಮ್ಮ, ಅವತ್ತು ನೀನು ಕೈ ಆಡಿಸಿಕೊಂಡು ನಗುನಗುತ್ತಾ ಏನೋ ಹೇಳುತ್ತಿದ್ದೆಯಲ್ಲ, ಅದನ್ನು ಮೊದಲಿನಿಂದ ಹೇಳು.

ನಿಮ್ಮ ಪ್ರೀತಿಯ ಮಗಳು