ಪೋಷಕರಿಗೆ ಪತ್ರ: ಮನೆಯ ಪಂಚಾಂಗ ಹಿಡಿದು ಶಾಲೆಯ ಮೈದಾನಕ್ಕೆ ಬನ್ನಿ

ದಿನಾಂಕ: 19 ಜನವರಿ 2026

ಮಾನ್ಯ ಪೋಷಕರಿಗೆ ನಮಸ್ಕಾರ.

ಹೋದ ವಾರ ಏಳನೇ ತರಗತಿಯಲ್ಲಿ ಭಿನ್ನರಾಶಿ ಮಾಡಿಸುತ್ತಿದ್ದೆ. ಒಂದು ಮಗು ಮಾತ್ರ ಪುಸ್ತಕ ಮುಚ್ಚಿಟ್ಟು ಕೂತಿತ್ತು. ಪಕ್ಕದಲ್ಲಿ ಕೂತು ಕೇಳಿದೆ. "ನಂದು ಮೇಷ ರಾಶಿ ಮೇಡಂ, ಸಾಡೇಸಾತಿ ಶುರುವಾಗಿದೆ. ಇನ್ನೂ ಆರು ವರ್ಷ ಲೆಕ್ಕ ತಲೆಗೆ ಹತ್ತಲ್ವಂತೆ" ಅಂದಿತು. ಅಳಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ನಾಳೆ ಊರಿಗೆ ಹೋಗುತ್ತೇವೆ ಅನ್ನುವ ಹಾಗೆ ಹೇಳಿತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ಅಲ್ಲೇ ಕೂತು ಮಗುವಿನ ಪುಸ್ತಕದಲ್ಲಿ ಒಂದು ವೃತ್ತ ಬರೆದು ಹನ್ನೆರಡು ಪಾಲು ಮಾಡಿದೆ. ವರ್ಷವಿಡೀ ಸೂರ್ಯ ನಡೆಯುವಂತೆ ಕಾಣುವ ದಾರಿ ಅದು, ಕ್ರಾಂತಿವೃತ್ತ. ಒಂದೊಂದು ಪಾಲೂ ಒಂದು ರಾಶಿ, 30 ಡಿಗ್ರಿ. ಶನಿ ಈ ಇಡೀ ದಾರಿ ಸುತ್ತಿ ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಹಿಡಿಯುತ್ತದೆ. ಹಾಗಾಗಿ ಒಂದು ರಾಶಿಗೆ ಎರಡೂವರೆ ವರ್ಷ. ಹುಟ್ಟಿದಾಗ ಚಂದ್ರನಿದ್ದ ರಾಶಿ, ಅದರ ಹಿಂದಿನದು, ಮುಂದಿನದು, ಮೂರೂ ಸೇರಿ ಏಳೂವರೆ. ಸಾಡೇಸಾತಿ ಅಂದರೆ ಇಷ್ಟು. ಈಗ ಶನಿ ಮೀನದಲ್ಲಿದ್ದಾನೆ, ಆದ್ದರಿಂದ ಕುಂಭ, ಮೀನ, ಮೇಷ ಮೂರಕ್ಕೂ ಸಾಡೇಸಾತಿ. "ಹನ್ನೆರಡರಲ್ಲಿ ಮೂರು ಅಂದರೆ ಎಷ್ಟನೇ ಭಾಗ? ನಮ್ಮ ತರಗತಿಯ 36 ಮಕ್ಕಳಲ್ಲಿ ಸುಮಾರು ಎಷ್ಟು ಮಂದಿಗೆ?" ಎಂದು ಕೇಳಿದೆ. ಮಗು ಕಾಲು ಭಾಗ ಎಂದು ಬರೆದು, ಕೆಳಗೆ 9 ಎಂದು ಬರೆಯಿತು. ಲೆಕ್ಕ ಸರಿಯಾಗಿತ್ತು.

ಪಂಚಾಂಗವನ್ನು ನಾನು ಹಗುರವಾಗಿ ಕಾಣುವವಳಲ್ಲ. ನಮ್ಮ ತಂದೆ ಯುಗಾದಿಯ ದಿನ ಪಂಚಾಂಗ ಓದಿಸಿ ಕೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಆದರೆ ಅದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಆಕಾಶದಲ್ಲಿ ಯಾರು ಎಲ್ಲಿದ್ದಾರೆ ಎಂಬ ಗಣಿತ ಒಂದು. ಅಂಗಳಕ್ಕೆ ಬಂದು ಕತ್ತೆತ್ತಿದರೆ ಅದು ತಾಳೆಯಾಗುತ್ತದೆ. ಅದರಿಂದ ಯಾರಿಗೆ ಏನಾಗುತ್ತದೆ ಎಂಬ ಫಲ ಇನ್ನೊಂದು. ಅದನ್ನು ಹಾಗೆ ತಾಳೆ ನೋಡಲು ಬರುವುದಿಲ್ಲ, ವಿಜ್ಞಾನ ಅದನ್ನು ಒಪ್ಪಿಯೂ ಇಲ್ಲ. ಶಾಲೆಯಲ್ಲಿ ನಾವು ಕಲಿಸುವುದು ಮೊದಲನೆಯದನ್ನು, ಪೂರ್ತಿ ಗೌರವದಿಂದ.

ರೈತ ಮನೆಗಳಿಗೆ ಇದು ಹೊಸದೇನಲ್ಲ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎನ್ನುತ್ತೀರಲ್ಲ, ಸೂರ್ಯ ಆ ಹೊತ್ತಿಗೆ ಯಾವ ನಕ್ಷತ್ರದಲ್ಲಿದ್ದಾನೋ ಅದೇ ಆ ಮಳೆಯ ಹೆಸರು. ದಾರಿಯಲ್ಲಿ 27 ನಕ್ಷತ್ರ, ವರ್ಷಕ್ಕೆ 365 ದಿನ. ಭಾಗಿಸಿ ನೋಡಿ, ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ ಯಾಕೆ ಎಂದು ತಿಳಿಯುತ್ತದೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ. ಆಗ ಆ ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲ, ಸೂರ್ಯನ ಜೊತೆ ಹಗಲಲ್ಲೇ ಹುಟ್ಟಿ ಮುಳುಗುತ್ತದೆ. ಕಾಣದ ನಕ್ಷತ್ರದ ಜಾಗವನ್ನು ಲೆಕ್ಕದಿಂದ ಹಿಡಿದವರು ನಮ್ಮ ಹಿರಿಯರು. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಚಂದ್ರ ಅದೇ ದಾರಿಯನ್ನು ಇಪ್ಪತ್ತೇಳು ದಿನ ಚಿಲ್ಲರೆಯಲ್ಲಿ ಮುಗಿಸುತ್ತಾನೆ. ಅಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ನಕ್ಷತ್ರ, 13 ಡಿಗ್ರಿ 20 ಕಲೆ (ಒಂದು ಡಿಗ್ರಿಗೆ 60 ಕಲೆ). ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಒಂದು ಮುಷ್ಟಿ, ಮೇಲೆ ಒಂದೆರಡು ಬೆರಳು: ಅದು ಚಂದ್ರನ ಒಂದು ದಿನದ ನಡಿಗೆ. ತಿಥಿಯೂ ಹೀಗೇ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅವನ ವೇಗ ದಿನವೂ ಒಂದೇ ಇರುವುದಿಲ್ಲವಾದ್ದರಿಂದ ತಿಥಿ ನಡುರಾತ್ರಿಯೋ ಮಧ್ಯಾಹ್ನವೋ ಬದಲಾಗುತ್ತದೆ.

ಗ್ರಹಣದ ದಿನ ಹಾಜರಿ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೆ ರಾಹು ಕೇತುವಿನ ಬಗ್ಗೆಯೂ ಹೇಳಬೇಕು. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಎರಡೂ ದಾರಿ ಕತ್ತರಿಸುವ ಎರಡು ಬಿಂದುಗಳಿಗೆ ರಾಹು, ಕೇತು ಎಂದು ಹೆಸರು. ಹುಣ್ಣಿಮೆ ಅಮಾವಾಸ್ಯೆ ಆ ಬಿಂದುಗಳ ಹತ್ತಿರ ಬಿದ್ದರಷ್ಟೇ ಗ್ರಹಣ. ಚಂದ್ರ ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮರೆಮಾಡುತ್ತದೆ ಎಂದು ಆರ್ಯಭಟ 499ರ ಹೊತ್ತಿಗೇ ಹೇಳಿದ್ದಾನೆ. ಇದೇ ಮಾರ್ಚ್ 3ರ ಸಂಜೆ ಚಂದ್ರ ಗ್ರಹಣ ಹಿಡಿದೇ ಹುಟ್ಟುತ್ತಾನೆ, ಏಳು ಗಂಟೆಯೊಳಗೆ ಬಿಟ್ಟುಬಿಡುತ್ತದೆ. ಅಂದಿನ ಗ್ರಹಸ್ಥಿತಿ ತೆರೆದು ನೋಡಿ: ಸೂರ್ಯ ಕುಂಭದಲ್ಲಿ, ರಾಹುವೂ ಕುಂಭದಲ್ಲಿ, ಚಂದ್ರ ಸಿಂಹದಲ್ಲಿ, ಕೇತುವೂ ಸಿಂಹದಲ್ಲಿ. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಏನೂ ಆಗುವುದಿಲ್ಲ. ಸೂರ್ಯಗ್ರಹಣವನ್ನು ಮಾತ್ರ ಹಾಗೆ ನೋಡಬಾರದು.

ಗಣರಾಜ್ಯೋತ್ಸವದ ಮರುದಿನದಿಂದ, ಜನವರಿ 27, 28, 29ರ ಸಂಜೆ 7 ಗಂಟೆಗೆ ಮೈದಾನದಲ್ಲಿ ಸೇರೋಣ. ಮೂರು ಸಂಜೆಯೂ ಬಂದರೆ ಚಂದ್ರ ನಡೆಯುವುದು ಕಣ್ಣಾರೆ ಕಾಣುತ್ತದೆ. ಮಂಗಳವಾರ ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲಿನ ಪಕ್ಕದಲ್ಲಿರುತ್ತಾನೆ. ಬುಧವಾರ ಅವನಿಂದ ಒಂದು ಮುಷ್ಟಿ ದಕ್ಷಿಣಕ್ಕೆ ಕೆಂಪಗೆ ಹೊಳೆಯುವುದು ರೋಹಿಣಿ. ಗುರುವಾರ ಮೃಗಶಿರಕ್ಕೆ ದಾಟಿರುತ್ತಾನೆ. ಪೂರ್ವದಲ್ಲಿ ಎಲ್ಲಕ್ಕಿಂತ ಪ್ರಕಾಶವಾಗಿರುವವನು ಗುರು, ಪುನರ್ವಸುವಿನಲ್ಲಿ. ಪಂಚಾಂಗದಲ್ಲಿ ಅವನ ಮುಂದೆ ವಕ್ರಿ, ಅಂದರೆ ಹಿಂದಕ್ಕೆ ನಡೆಯುವಂತೆ ಕಾಣುವವನು, ಎಂದಿರುತ್ತದೆ. ನಮ್ಮ ಭೂಮಿ ಅವನನ್ನು ದಾಟಿ ಮುಂದೆ ಹೋಗುತ್ತಿರುವುದರಿಂದ, ಬಸ್ಸಿನಲ್ಲಿ ಕೂತವರಿಗೆ ಪಕ್ಕದ ಎತ್ತಿನಗಾಡಿ ಹಿಂದೆ ಸರಿದಂತೆ ಕಾಣುತ್ತದಲ್ಲ, ಹಾಗೆ.

ಪಶ್ಚಿಮದಲ್ಲಿ, ಮಿನುಗದೆ ನಿಂತ ಹಳದಿ ಚುಕ್ಕೆ ಶನಿ. ಲೆಕ್ಕ ಮಾಡಿದ ಆ ಮಗು, "ಅವನು ಕಣ್ಣಿಗೆ ಕಾಣ್ತಾನಾ ಮೇಡಂ?" ಎಂದು ಮೂರು ಸಲ ಕೇಳಿದೆ. ನಿಮ್ಮ ನಿಮ್ಮ ಮಕ್ಕಳು ನಿಮಗೆ ಶನಿಯನ್ನು ಬೆರಳಿಟ್ಟು ತೋರಿಸಲಿ ಎಂಬುದು ನನ್ನ ಆಸೆ. ಅಲ್ಲಿಯವರೆಗೆ ದಯವಿಟ್ಟು ಮಕ್ಕಳ ಎದುರಿಗೆ ಜಾತಕ ಹಿಡಿದು ಅವರ ಓದಿನ ಮಾತು ಆಡಬೇಡಿ.

ಮನೆಯಲ್ಲಿ ಯಾವ ಪಂಚಾಂಗವಿದೆಯೋ ಅದನ್ನೇ ತನ್ನಿ. ಅಜ್ಜ ಅಜ್ಜಿಯರನ್ನು ಕರೆತನ್ನಿ, ಅವರಿಗೆ ಕುರ್ಚಿ ಹಾಕಿಸಿರುತ್ತೇವೆ. ಚಳಿಯಿದೆ, ಹೊದಿಕೆ ಇರಲಿ. ಏಳಕ್ಕೆ ಮೈದಾನದ ದೀಪ ಆರಿಸುತ್ತೇವೆ, ಅದಕ್ಕೆ ಐದು ನಿಮಿಷ ಮೊದಲೇ ಗೇಟು ದಾಟಿ ಬನ್ನಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ