ವೈಫೈ ಟ್ಯಾಬ್ ಅಂದ್ರೆ ಸಿಮ್ ಇಲ್ಲ ಅಂತ, ಅದನ್ನ ದೊಡ್ಡದಾಗಿ ಬರೀರಿ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗೋ ಹೊತ್ತು ಹತ್ರ ಬಂತು, ಶಿರಸಿ ಕಡೆ ಯಾರ ಮನೆಗೆ ಹೋದ್ರೂ ಮಕ್ಕಳಿಗೆ ಟ್ಯಾಬ್ ಕೊಡ್ಸೋ ಮಾತೇ ನಡೀತಾ ಇದೆ. ಹೋದ ವರ್ಷ ನಾನು ಬೇಸ್ತು ಬಿದ್ದ ಕತೆ ಹೇಳಿದ್ರೆ ನಾಲ್ಕು ಜನಕ್ಕಾದ್ರೂ ದುಡ್ಡು ಉಳಿಯತ್ತೆ ಅಂತ ಬರೀತಿದೀನಿ.

ಮಗಳು ಆಗ ಎಂಟನೇ ಕ್ಲಾಸು. ನನ್ನ ಫೋನಲ್ಲೇ ಓದಿ ಓದಿ ಕಣ್ಣು ನೋವು ಅಂತಿದ್ಲು, ಅಡಿಕೆ ದುಡ್ಡು ಕೈಲಿತ್ತು, ಹತ್ತು ಹನ್ನೆರಡು ಸಾವಿರದೊಳಗೆ ಒಂದು ಆಗ್ಲಿ ಅಂತ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಡಬ್ಬಿ ತೋರ್ಸಿ "ಇದು ವೈಫೈ ಮಾಡೆಲ್ ಸರ್, ರ್‍ಯಾಮ್ ನಾಲ್ಕು ಪ್ಲಸ್ ನಾಲ್ಕು" ಅಂದ. ವೈಫೈ ಅಂದ್ರೆ ಏನೋ ಜಾಸ್ತಿ ಸೌಲಭ್ಯ ಕೊಟ್ಟಿದಾರೆ ಅಂತ್ಲೇ ನಾನು ತಿಳ್ಕೊಂಡಿದ್ದು. ಮನೆಗೆ ಬಂದು ಪಿನ್ ಚುಚ್ಚಿ ಟ್ರೇ ಎಳೆದ್ರೆ ಮೆಮೊರಿ ಕಾರ್ಡಿಗೆ ಮಾತ್ರ ಜಾಗ. ಸಿಮ್ ಎಲ್ಲಿ ಹಾಕೋದು ಅಂತ ಹಿಂದೆ ಮುಂದೆ ತಿರುಗ್ಸಿ ನೋಡಿದ್ದೇ ಬಂತು. ಮರುದಿನ ವಾಪಸ್ ಕೊಡೋಕೆ ಹೋದ್ರೆ ಸೀಲ್ ಒಡ್ದಾಗಿದೆ, ಆಗಲ್ಲ ಅಂದ್ರು.

ಪೇಟೆಯಲ್ಲಿ ಫೈಬರ್ ಇದ್ದ ಮನೆಗೆ ಇದೇನೂ ತೊಂದ್ರೆ ಅಲ್ಲ, ಅಂಥವರು ಎರಡ್ಮೂರು ಸಾವಿರ ಉಳ್ಸಿ ವೈಫೈದೇ ತಗೊಳ್ಳಿ. ನಮ್ಮನೆಗೆ ಫೈಬರ್ ಬಂದಿಲ್ಲ, ತೋಟದ ಮೇಲಿನ ಬೆಟ್ಟ ಹತ್ತಿದ್ರೆ ಎರಡು ಕಡ್ಡಿ ಸಿಗ್ನಲ್, ಜಗಲಿ ತುದೀಲಿ ಒಂದು. ಹಾಗಾಗಿ ನನ್ನ ಫೋನಿನ ಹಾಟ್‌ಸ್ಪಾಟೇ ಗತಿ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಬರ್ದೇ ಇದ್ರೆ ಮೊದ್ಲು ಸಾಯೋದು ಆ ಫೋನೇ, ಟ್ಯಾಬಲ್ಲಿ ಅರ್ಧ ಚಾರ್ಜ್ ಇದ್ರೂ ಸುಮ್ನೆ. ನಾನು ಚೀಲ ಹಾಕ್ಕೊಂಡು ಪೇಟೆಗೆ ಹೊರಟ್ರೆ ಅವಳು "ಅಪ್ಪಯ್ಯ, ನೀ ಹೋದ್ರೆ ನೆಟ್ಟೂ ನಿನ್ ಒಟ್ಟಿಗೇ ಹೋಗ್ತು" ಅಂತ ಮುಖ ಊದ್ಸ್ಕೊಂಡು ಕೂರ್ತಾಳೆ, ನನ್ನ ಹೆಂಡತಿ ಹತ್ರ ಇರೋದು ಕೀಪ್ಯಾಡ್ ಫೋನು. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಅಂತ ತಂದ ಆಕಾಶ್ ಟ್ಯಾಬ್ ನೆನಪಿರಬಹುದು, ಅದರ ಮೊದಲ ಮಾಡೆಲ್ಲೂ ಬರೀ ವೈಫೈಯೇ. ಅಷ್ಟು ವರ್ಷದಿಂದ ಇರೋ ವಿಷ್ಯ ನನಗೆ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಅಂಗಡಿ ಹುಡುಗ ಹೇಳಿದ ಆ ನಾಲ್ಕು ಪ್ಲಸ್ ನಾಲ್ಕು ಜಿಬಿನೂ ಹಾಗೇ. ರ್‍ಯಾಮ್ ಅಂದ್ರೆ ಆ್ಯಪ್‌ಗಳು ಓಡುವಾಗ ಬಳಸೋ ಮೆಮೊರಿ. ನಿಜವಾದ ರ್‍ಯಾಮ್ ನಾಲ್ಕೇ, ಉಳಿದ ನಾಲ್ಕು ಸ್ಟೋರೇಜಲ್ಲೇ ಜಾಗ ಹಿಡ್ಕೊಂಡು ಮಾಡೋ ಲೆಕ್ಕ, ಅದನ್ನ ಎಂಟು ಅಂತ ನಂಬ್ಬೇಡಿ.

ಕ್ಯಾಮೆರಾದ್ದು ಇನ್ನೊಂದು ಪಜೀತಿ. ಮಕ್ಕಳ ಪಾಠದ ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇರತ್ತಲ್ಲ, ಸರ್ಕಾರದ ಪಾಠದ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಪಾಠದ ವಿಡಿಯೋ ಬರತ್ತೆ. ಕಡಿಮೆ ರೇಟಿನ ಸುಮಾರು ಟ್ಯಾಬ್‌ಗಳಲ್ಲಿ ಹಿಂದಿನ ಕ್ಯಾಮೆರಾಕ್ಕೆ ಆಟೋಫೋಕಸ್ಸೇ ಇರಲ್ಲ, ಹತ್ರ ಹಿಡಿದ್ರೆ ಮಸುಕು, ದೂರ ಹಿಡಿದ್ರೆ ಕೋಡ್ ಸಣ್ಣದು. ಮಗಳು ಪುಸ್ತಕನ ಕಿಟಕಿ ಹತ್ರ ಒಯ್ದು, ಉಸಿರು ಬಿಗಿಹಿಡಿದು ಟ್ಯಾಬ್ ಹಿಂದೆ ಮುಂದೆ ಮಾಡೋದು ನೋಡಿದ್ರೆ ನಗು ಬರ್ತಿತ್ತು, ಬೇಜಾರೂ ಆಗ್ತಿತ್ತು. ಆಮೇಲೆ ಅವಳೇ ಕಂಡುಹಿಡಿದ್ಲು, ಕ್ಯೂಆರ್ ಕೆಳಗೆ ಆರು ಅಕ್ಷರದ ಕೋಡ್ ಪ್ರಿಂಟ್ ಮಾಡಿರ್ತಾರೆ, ಅದನ್ನ ಟೈಪ್ ಮಾಡಿದ್ರೂ ಪಾಠ ತೆರೆಯತ್ತೆ. ಸಿಗ್ನಲ್ ಇದ್ದಾಗ ಡೌನ್‌ಲೋಡ್ ಮಾಡಿಟ್ಕೊಂಡ್ರೆ ನೆಟ್ ಇಲ್ದೇನೂ ನೋಡಬಹುದು, ನಮ್ಮನ್ನ ಬಚಾವ್ ಮಾಡಿದ್ದು ಅದೇ. ಅದಕ್ಕೇ ಸ್ಟೋರೇಜ್ 64 ಜಿಬಿಗಿಂತ ಕಡಿಮೆ ಬೇಡ, ಕಾರ್ಡ್ ಹಾಕೋ ಜಾಗ ಇರ್ಲೇಬೇಕು.

ಇಂಚಿನ ವಿಷ್ಯಕ್ಕೂ ಒಂದು ಮಾತು. ನಮ್ಮ ಭಾವನ ಮಗನಿಗೆ ಎಂಟು ಇಂಚಿಂದು ಕೊಡ್ಸಿದ್ರು, ಅದರಲ್ಲಿ ಪುಸ್ತಕದ ಪಿಡಿಎಫ್ ತೆರೆದ್ರೆ ಇಡೀ ಪುಟ ಕಾಣತ್ತೆ ಆದ್ರೆ ಒತ್ತಕ್ಷರ ಯಾವ್ದು ಅಂತ ತಿಳಿಯಲ್ಲ, ಪ್ರತಿ ಸಾಲಿಗೂ ಝೂಮ್ ಮಾಡ್ಬೇಕು. ಕನ್ನಡ ಮೀಡಿಯಂ ಮಕ್ಕಳಿಗೆ ಹತ್ತು ಇಂಚೇ ಸರಿ. ಅಂಗಡೀಲಿ ಆಟ ಹಾಕಿ ತೋರ್ಸ್ತಾರೆ, ಅದನ್ನ ಬಿಟ್ಟು ಒಂದು ಕನ್ನಡ ಪಿಡಿಎಫ್ ತೆರೆಸಿ ನೋಡಿ. ಹೆಸರೇ ಕೇಳಿರದ ನಾಲ್ಕೈದು ಸಾವಿರದ ಟ್ಯಾಬಾದ್ರೆ ಡಬ್ಬಿ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಆರ್ ಅಂತ ಶುರುವಾಗೋ ನಂಬರ್ ಇದೆಯಾ ಅಂತ ನೋಡ್ಕೊಳ್ಳಿ, ಇಲ್ದಿದ್ರೆ ಮುಟ್ಟಲೇಬೇಡಿ. ರಿಪೇರಿ ಎಲ್ಲಿ ಅಂತಾನೂ ಮೊದ್ಲೇ ಕೇಳಿ, ನಮಗೆ ಹುಬ್ಬಳ್ಳಿಗೇ ಹೋಗಿ ಅಂದ್ರು, ಹೋಗಿ ಬರೋದಕ್ಕೇ ಒಂದು ದಿನ ಹೋಯ್ತು.

ಅಂಗಡಿಯವರಿಗೆ ನಾನು ಕೇಳೋದು ಇಷ್ಟೇ, ರೇಟ್ ಬರೆಯೋ ಚೀಟಿ ಮೇಲೇ 'ಸಿಮ್ ಇಲ್ಲ' ಅಂತ ಕನ್ನಡದಲ್ಲಿ ಬರೆದು ಅಂಟ್ಸಿ. ಶಾಲೆಯವ್ರೂ ವಾಟ್ಸ್ಆ್ಯಪ್ ಗ್ರೂಪಲ್ಲಿ ಟ್ಯಾಬ್ ಇದ್ರೆ ಒಳ್ಳೇದು ಅಂತ ಹಾಕೋ ಮೊದ್ಲು ಎಂಥದ್ದು ಬೇಕು ಅಂತ ಎರಡು ಸಾಲು ಬರೀಲಿ. ಈ ಸಲ ತಮ್ಮನ ಮಗನಿಗೆ ತಗೊಳ್ಳೋಕೆ ಹೋಗೋದಿದೆ, ಸಿಮ್ಮನ್ನ ಜೇಬಲ್ಲೇ ಇಟ್ಕೊಂಡು ಹೋಗ್ತೀನಿ, ಅಲ್ಲೇ ಹಾಕಿ ತೋರ್ಸಿದ ಮೇಲೇ ದುಡ್ಡು.

– ಒಬ್ಬ ಪಾಲಕ, ಶಿರಸಿ ತಾಲೂಕು